ಮೂರು ಸಾಲಿನ ಕಾರು: ದೆಹಲಿಯಲ್ಲಿ ಏನು ನೋಡಿ ಕೊಳ್ಳಬೇಕು?



ಊರಿನಿಂದ ಅಪ್ಪ, ಅಮ್ಮ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿದರೆ ಐದು ಸೀಟಿನ ಕಾರು ಸಾಲುವುದಿಲ್ಲ. ಮನೆಯವರು ನಾಲ್ವರು, ಅವರಿಬ್ಬರು, ಜೊತೆಗೆ ಹಪ್ಪಳ, ಉಪ್ಪಿನಕಾಯಿಯ ಡಬ್ಬ! ಆಗ ದ್ವಾರಕಾ, ನೋಯ್ಡಾ, ಗುರುಗ್ರಾಮದ ನಮ್ಮವರ ಮನೆಗಳಲ್ಲಿ ಏಳು ಸೀಟಿನ ಎಸ್‌ಯುವಿಯ ಮಾತು ಬರುತ್ತದೆ. ಬಣ್ಣ, ಸನ್‌ರೂಫ್ ಆಮೇಲಿರಲಿ. ಇಲ್ಲಿ ಮೊದಲು ಕೇಳಬೇಕಾದ್ದು: ಪೆಟ್ರೋಲೋ, ಡೀಸೆಲ್ಲೋ?

ಕಾರಣವಿದೆ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಎನ್‌ಸಿಆರ್‌ನಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮಹೀಂದ್ರದ ಎಕ್ಸ್‌ಯುವಿ 500ರಲ್ಲಿದ್ದದ್ದು 2.2 ಲೀಟರ್ ಎಂಜಿನ್. ಕಂಪನಿ 2016ರ ಜನವರಿಯಲ್ಲಿ 1.99 ಲೀಟರ್ ಎಂಜಿನ್ ಕೂರಿಸಿತು. ಶಕ್ತಿ ಮಾತ್ರ ಅದೇ 140 ಅಶ್ವಶಕ್ತಿ! ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾಕ್ಕೂ 2.7 ಲೀಟರ್ ಪೆಟ್ರೋಲ್ ಎಂಜಿನ್ ಬಂತು. 2016ರ ಆಗಸ್ಟ್‌ನಲ್ಲಿ ಶೇಕಡಾ 1ರ ಹಸಿರು ಶುಲ್ಕದೊಂದಿಗೆ ಆ ನಿಷೇಧ ತೆರವಾಯಿತು. ಸಿಸಿ ಹೆಚ್ಚಿದ್ದರೆ ಮಾತ್ರ ಶಕ್ತಿ ಎಂಬ ನಂಬಿಕೆ ಬೇಡ ಎನ್ನುವುದು ಇದರಿಂದ ತಿಳಿಯಿತು. ಟರ್ಬೊ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದರಿಂದ ಚಿಕ್ಕ ಎಂಜಿನ್ನೂ ಏಳು ಜನರನ್ನು ಎಳೆಯುತ್ತದೆ.

ಇನ್ನು ಕಾರಿನ ಆಯಸ್ಸು. ಎನ್‌ಸಿಆರ್‌ನಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂಬ ಮಿತಿಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಇದರ ಬಗ್ಗೆ ಹೊಸ ಆದೇಶಗಳೂ ಬಂದಿವೆ. ಆದ್ದರಿಂದ ಕೊಳ್ಳುವ ದಿನದ ನಿಯಮವನ್ನು ಆರ್‌ಟಿಒದಲ್ಲಿ ವಿಚಾರಿಸಿ. ನಿವೃತ್ತಿಯ ನಂತರ ಕಾರನ್ನು ಕರ್ನಾಟಕಕ್ಕೆ ಒಯ್ಯುವ ಯೋಚನೆಯಿದ್ದರೆ ಎನ್‌ಒಸಿ, ಅಲ್ಲಿನ ರಸ್ತೆ ತೆರಿಗೆಯ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಓಡಾಟ ಎಂಥದ್ದು? ತಿಂಗಳಿಗೊಮ್ಮೆಯಾದರೂ ಜೈಪುರ, ಹರಿದ್ವಾರ ಎಂದು ದೂರ ಹೋಗುವವರಿಗೆ ಡೀಸೆಲ್‌ನ ಎಳೆತ, ಮೈಲೇಜು ಹಿತ. ಆದರೆ ಬಿಎಸ್-6 ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಕಾರು ಆಗಾಗ ವೇಗವಾಗಿ ಓಡಬೇಕು. ರಿಂಗ್ ರೋಡಿನ ಜಾಮ್‌ನಲ್ಲೇ ತೆವಳುತ್ತಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬರೀ ಊರೊಳಗಿನ ಓಡಾಟವಾದರೆ ಪೆಟ್ರೋಲ್ ಅಥವಾ ಹೈಬ್ರಿಡ್ ಲೇಸು. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್‌ನಂಥ ಹೈಬ್ರಿಡ್ ಕಾರಿನಲ್ಲಿ ನಿಧಾನ ಸಂಚಾರದಲ್ಲಿ ಮೋಟಾರೇ ಎಳೆಯುತ್ತದೆ. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬುತ್ತದೆ.

ಕೊನೆಗೆ, ಶೋರೂಮಿನಲ್ಲಿ ಮೂರನೇ ಸಾಲಿನಲ್ಲಿ ನೀವೇ ಹತ್ತು ನಿಮಿಷ ಕುಳಿತು ನೋಡಿ. ಮಂಡಿ ಎದೆಗೆ ಬರುತ್ತದೆಯೇ? ಮೇ ತಿಂಗಳ ಸೆಕೆಗೆ ಅಲ್ಲೂ ಎಸಿ ಗಾಳಿ ಬರುತ್ತದೆಯೇ? ಆ ಸೀಟು ಬಿಚ್ಚಿದ ಮೇಲೆ ಹಿಂದೆ ಎಷ್ಟು ಸೂಟ್‌ಕೇಸು ಹಿಡಿಯುತ್ತದೆ? ಅಮ್ಮನಿಗೆ ಮಂಡಿನೋವಿದ್ದರೆ ಅವರಿಗೆ ನಡುಸಾಲು, ಮಕ್ಕಳಿಗೆ ಹಿಂದಿನ ಸಾಲು. ಎಲ್ಲ ಸಾಲಿಗೂ ಮೂರು ತುದಿಯ ಬೆಲ್ಟ್ ಇರಲಿ. 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆ ಕಾರಿಗೆ ಎಷ್ಟು ನಕ್ಷತ್ರ ಬಂದಿದೆಯೆಂದೂ ಕೇಳಿ. ಟಾಟಾ ಸಫಾರಿಗೆ ಅದೇ ವರ್ಷ ಐದು ಬಂದವು.

ಹಣ ನಿಮ್ಮದು, ಕೂರುವವರೂ ನಿಮ್ಮವರೇ. ಅವಸರ ಬೇಡ.