ಅಕ್ಷರಕ್ಕೆ ಎಷ್ಟು ಚುಕ್ಕಿ ಬೇಕು? ಮಾನಿಟರ್ ಕೊಳ್ಳುವವರಿಗೊಂದು ಲೆಕ್ಕ

ಮಾನಿಟರ್ ಪೆಟ್ಟಿಗೆಯ ಮೇಲೆ ಎರಡು ಸಂಗತಿಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಒಂದು ಪರದೆಯ ಇಂಚಿನ ಅಳತೆ, ಇನ್ನೊಂದು ರೆಸಲ್ಯೂಶನ್: ಫುಲ್ ಎಚ್‌ಡಿ, ಕ್ಯೂಎಚ್‌ಡಿ, 4ಕೆ. ಕೈಯಲ್ಲಿರುವ ದುಡ್ಡಿಗೆ ಎರಡರಲ್ಲೂ ದೊಡ್ಡದು ಯಾವುದು ಸಿಗುತ್ತದೋ ಅದನ್ನು ಹೊತ್ತು ತರುವವರೇ ಹೆಚ್ಚು. ದಿನಕ್ಕೆ ಏಳೆಂಟು ಗಂಟೆ ಪರದೆಯ ಮೇಲೆ ಕಡತ ಓದುವ, ಪತ್ರ ಟೈಪಿಸುವ, ಪ್ರೂಫ್ ನೋಡುವ ಮಂದಿಗೆ ನಿಜವಾಗಿ ಬೇಕಾದ ಸಂಖ್ಯೆಯನ್ನು ಹುಡುಕಿದರೂ ಆ ಪೆಟ್ಟಿಗೆಯ ಮೇಲೆ ಕಾಣುವುದು ಅಪರೂಪ. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂತಿವೆ, ಪರದೆಯಿಂದ ನಮ್ಮ ಕಣ್ಣು ಎಷ್ಟು ದೂರದಲ್ಲಿದೆ ಎಂಬ ಎರಡನ್ನು ಜೊತೆಗಿಟ್ಟು ಅದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಲೆಕ್ಕ ಹೈಸ್ಕೂಲಿನದೇ

ಪರದೆಯ ಅಗಲದಲ್ಲಿರುವ ಪಿಕ್ಸೆಲ್‌ಗಳ ವರ್ಗಕ್ಕೆ ಎತ್ತರದಲ್ಲಿರುವ ಪಿಕ್ಸೆಲ್‌ಗಳ ವರ್ಗವನ್ನು ಕೂಡಿಸಿ. ಬಂದ ಮೊತ್ತದ ವರ್ಗಮೂಲ ತೆಗೆದು, ಪರದೆಯ ಕರ್ಣದ ಇಂಚಿನಿಂದ ಭಾಗಿಸಿ. ಸಿಗುವುದೇ ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಸಾಂದ್ರತೆ, ಅಂದರೆ ಪಿಪಿಐ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ 1920×1080 ಪಿಕ್ಸೆಲ್‌ಗಳಿರುತ್ತವೆ, ಸಾಂದ್ರತೆ 92. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತದೆ. ದೊಡ್ಡ ಪರದೆ ಎಂದು ಇದನ್ನು ತಂದವರಿಗೆ ಅಕ್ಷರ ದಪ್ಪಗೆ ಕಾಣುತ್ತದೆ, ಚೊಕ್ಕವಾಗಿ ಕಾಣುವುದಿಲ್ಲ. 27 ಇಂಚಿನಲ್ಲೇ ಕ್ಯೂಎಚ್‌ಡಿ (2560×1440) ಆದರೆ 109, 4ಕೆ (3840×2160) ಆದರೆ 163. ಅದೇ 4ಕೆ 32 ಇಂಚಿನ ಪರದೆಯಲ್ಲಿ 138ಕ್ಕೆ ಇಳಿಯುತ್ತದೆ. 27 ಇಂಚಿನ 5ಕೆ ಪರದೆಯದು 218. ‘4ಕೆ’ ಎಂಬ ಒಂದೇ ಮೊಹರಿನ ಹಿಂದೆ ಬೇರೆ ಬೇರೆ ನಯದ ಪರದೆಗಳಿರುತ್ತವೆ ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ.

ಕಣ್ಣಿನ ಮಿತಿ ಎಲ್ಲಿದೆ?

ನೇತ್ರವೈದ್ಯರ ಕೋಣೆಯ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಬರುವ ಅಕ್ಷರಗಳ ಪಟವನ್ನು ಎಲ್ಲರೂ ಓದಿದ್ದೇವೆ. 1862ರಲ್ಲಿ ನೆದರ್‌ಲ್ಯಾಂಡ್ಸಿನ ಹೆರ್ಮನ್ ಸ್ನೆಲೆನ್ ರೂಪಿಸಿದ ಪಟ ಅದು. ‘ನಿಮ್ಮ ದೃಷ್ಟಿ 6/6’ ಎಂದು ವೈದ್ಯರು ಹೇಳಿದರೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಸಣ್ಣ ಕೋನದಲ್ಲಿರುವ ಗೆರೆಯನ್ನೂ ನಿಮ್ಮ ಕಣ್ಣು ಬಿಡಿಸಿ ನೋಡಬಲ್ಲದು ಎಂದರ್ಥ. ಮೇಜಿನ ಮುಂದೆ ಕೂತು 60 ಸೆಂಟಿಮೀಟರ್ ದೂರದ ಪರದೆ ನೋಡುವಾಗ ಆ ಕೋನಕ್ಕೆ ಸಿಗುವ ಅಗಲ 0.17 ಮಿಲಿಮೀಟರ್. ಅದಕ್ಕಿಂತ ದೊಡ್ಡ ಪಿಕ್ಸೆಲ್ ಕಣ್ಣಿಗೆ ಬೀಳುತ್ತದೆ, ಚಿಕ್ಕದು ಪಕ್ಕದ್ದರ ಜೊತೆ ಬೆರೆತುಹೋಗುತ್ತದೆ.

24 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಪಿಕ್ಸೆಲ್ 0.28 ಮಿಲಿಮೀಟರ್ ಅಗಲವಿದೆ. ಹಾಗಾಗಿ ಅಕ್ಷರದ ಅಂಚಿನ ಹಲ್ಲುಗಳು ಕಾಣುತ್ತವೆ. 27 ಇಂಚಿನ 4ಕೆ ಪರದೆಯಲ್ಲಿ ಅದು 0.16ಕ್ಕೆ ಇಳಿದು ಮಿತಿಯೊಳಗೆ ಬರುತ್ತದೆ. 60 ಸೆಂಟಿಮೀಟರ್ ದೂರಕ್ಕೆ ಸುಮಾರು 146 ಪಿಪಿಐ ಸಾಕಾದರೆ, 50 ಸೆಂಟಿಮೀಟರಿಗೆ ಜಗ್ಗಿ ಕೂರುವವರಿಗೆ 175 ಬೇಕು, 70ಕ್ಕೆ ಹಿಂದೆ ಸರಿದು ಕೂರುವವರಿಗೆ 125 ಸಾಕು. 2010ರಲ್ಲಿ ಸ್ಟೀವ್ ಜಾಬ್ಸ್ 326 ಪಿಪಿಐನ ಐಫೋನ್ 4ರ ಪರದೆಯನ್ನು ‘ರೆಟಿನಾ’ ಎಂದು ಕರೆದದ್ದರ ಹಿಂದೆ ಇದ್ದದ್ದೂ ಇದೇ ಲೆಕ್ಕ. ಫೋನನ್ನು ಒಂದಡಿ ದೂರದಲ್ಲಿ ಹಿಡಿಯುತ್ತೇವೆ, ಆದ್ದರಿಂದ ಅದಕ್ಕೆ ಅಷ್ಟು ಚುಕ್ಕಿ ಬೇಕು.

ಈ ಮಿತಿಯನ್ನು ಕಲ್ಲಿನ ಗೋಡೆ ಎಂದು ತಿಳಿಯಬಾರದು. ಎರಡು ಗೆರೆಗಳು ತುದಿಗೆ ತುದಿ ಸರಿಯಾಗಿ ಕೂಡಿವೆಯೋ ಇಲ್ಲವೋ ಎಂದು ಹೇಳುವುದರಲ್ಲಿ ನಮ್ಮ ಕಣ್ಣು ಇನ್ನೂ ಚುರುಕು. ವರ್ನಿಯರ್ ತೀಕ್ಷ್ಣತೆ ಎಂದು ಕರೆಯುವ ಈ ಶಕ್ತಿ ಸ್ನೆಲೆನ್ ಮಿತಿಗಿಂತ ಹಲವು ಪಟ್ಟು ಸೂಕ್ಷ್ಮ. ಓರೆಗೆರೆಯ ಮೇಲಿನ ಮೆಟ್ಟಿಲು 140 ಪಿಪಿಐ ಪರದೆಯಲ್ಲೂ ಕೆಲವರ ಕಣ್ಣಿಗೆ ಕುಟುಕುವುದು ಇದರಿಂದಲೇ.

ಕನ್ನಡಕ್ಕೆ ಚುಕ್ಕಿ ಹೆಚ್ಚು ಬೇಕು

ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಒರಟು ಬಟ್ಟೆಯಲ್ಲಿ ತೇರಿನ ಗಾಲಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಎಳೆ ಸಣ್ಣದಾದಷ್ಟೂ ಅದು ದುಂಡಗಾಗುತ್ತದೆ. ಪರದೆಯ ಮೇಲೆ ಅಕ್ಷರ ಮೂಡುವುದೂ ಹೀಗೆ ಚೌಕ ಎಣಿಸಿಯೇ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೆಟ್ಟಗಿನ, ಅಡ್ಡಡ್ಡ ಗೆರೆಗಳು ಬಹಳ. ಚೌಕಗಳ ಜಾಲರಿಗೆ ಅವು ಸಲೀಸಾಗಿ ಹೊಂದಿಕೊಳ್ಳುತ್ತವೆ. ಕನ್ನಡದ ಅಕ್ಷರಗಳೋ ಬಹುಪಾಲು ಬಾಗು ಬಳುಕು. ಅದರ ಮೇಲೆ ಗುಡಿಸು, ಕೆಳಗೆ ಒತ್ತು.

‘ರಾಷ್ಟ್ರ’ ಎಂಬ ಪದವನ್ನು ಹತ್ತಿರದಿಂದ ನೋಡಿ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ, ವಿಂಡೋಸ್‌ನ ಮಾಮೂಲಿ ಸೆಟ್ಟಿಂಗಿನಲ್ಲಿ, 12 ಪಾಯಿಂಟ್ ಗಾತ್ರದ ಅಕ್ಷರಕ್ಕೆ ಸಿಗುವುದು 16 ಪಿಕ್ಸೆಲ್ ಎತ್ತರ. ಹೆಚ್ಚುಕಡಿಮೆ ಅಷ್ಟರಲ್ಲೇ ಷಕಾರದ ತಲೆಕಟ್ಟು, ಅದರ ಒಡಲೊಳಗಿನ ಗೆರೆ, ಅಡಿಯಲ್ಲಿ ಟಕಾರದ ಒತ್ತು, ಅದಕ್ಕೆ ಅಂಟಿಕೊಂಡ ರಕಾರದ ಒತ್ತು ಎಲ್ಲವೂ ಹಿಡಿಸಬೇಕು. ಒತ್ತಿನ ಪಾಲಿಗೆ ಉಳಿಯುವುದು ಬೆರಳೆಣಿಕೆಯ ಚೌಕಗಳು. ಅದೇ ಪದವನ್ನು 27 ಇಂಚಿನ 4ಕೆ ಪರದೆಯಲ್ಲಿ ಶೇ. 175ಕ್ಕೆ ಹಿಗ್ಗಿಸಿ ನೋಡಿ. ಅಳತೆಪಟ್ಟಿ ಇಟ್ಟರೆ ಅಕ್ಷರದ ಎತ್ತರ ಹಿಂದಿನಷ್ಟೇ, ಸುಮಾರು 4.4 ಮಿಲಿಮೀಟರ್. ಆದರೆ ಈಗ ಅದಕ್ಕೆ ಸಿಕ್ಕಿರುವುದು 28 ಪಿಕ್ಸೆಲ್ ಎತ್ತರ. 16×16ರ ಚೌಕದಲ್ಲಿ 256 ಮನೆಗಳಿದ್ದರೆ, 28×28ರಲ್ಲಿ 784. ಅಷ್ಟೇ ಜಾಗದಲ್ಲಿ ಮೂರು ಪಟ್ಟು ವಿವರ.

ಇದರಿಂದ ಅಂದ ಹೆಚ್ಚುವುದಷ್ಟೇ ಅಲ್ಲ, ತಪ್ಪೂ ಕಡಿಮೆಯಾಗುತ್ತದೆ. ಹಲವು ಮಹಾಪ್ರಾಣಗಳನ್ನು ಗುರುತಿಸುವುದು ಅಕ್ಷರದ ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆ. ಆ ಗೆರೆ ಒಂದು ಪಿಕ್ಸೆಲ್ಲಿಗಿಂತ ಸಣ್ಣದಾದರೆ ಬೂದು ಬಣ್ಣಕ್ಕೆ ತಿರುಗಿ ಕರಗುತ್ತದೆ. ಆಗ ‘ಮಧ್ಯ’ ಇರಬೇಕಾದಲ್ಲಿ ‘ಮದ್ಯ’ ಕೂತಿದ್ದರೂ ಪ್ರೂಫ್ ನೋಡುವವರ ಕಣ್ಣು ತಪ್ಪಿಸಿಕೊಂಡು ಅಚ್ಚಿಗೆ ಹೋಗುತ್ತದೆ. ಡಿಟಿಪಿ ಕೇಂದ್ರಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ, ಕಂದಾಯ ಕಚೇರಿಯ ಪಹಣಿ ನೋಡುವ ಮೇಜುಗಳಲ್ಲಿ ಸಾಂದ್ರ ಪರದೆ ಶೋಕಿಯ ವಸ್ತುವಲ್ಲ.

ಪಿಕ್ಸೆಲ್ ಕಡಿಮೆಯಿದ್ದ ಕಾಲದಲ್ಲಿ ಇದಕ್ಕೊಂದು ಉಪಾಯ ಹುಡುಕಿದ್ದರು. ಎಲ್‌ಸಿಡಿ ಪರದೆಯ ಪ್ರತಿ ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳಿರುತ್ತವೆ. 1998ರಲ್ಲಿ ಮೈಕ್ರೊಸಾಫ್ಟ್ ಪ್ರಕಟಿಸಿದ ಕ್ಲಿಯರ್‌ಟೈಪ್ ತಂತ್ರ ಈ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಕ್ಷರದ ಅಡ್ಡಗಲದ ನಯವನ್ನು ಹೆಚ್ಚಿಸುತ್ತದೆ. ಪಟ್ಟಿಗಳು ಇದೇ ಸಾಲಿನಲ್ಲಿರಬೇಕು ಎಂಬುದು ಅದರ ಷರತ್ತು. ಹಲವು ಒಎಲ್‌ಇಡಿ ಮಾನಿಟರ್‌ಗಳಲ್ಲಿ ಈ ಜೋಡಣೆ ಬೇರೆಯಾಗಿರುವುದರಿಂದ ಸಾಂದ್ರತೆ ಕಡಿಮೆ ಇದ್ದಾಗ ಅಕ್ಷರದ ಅಂಚಿಗೆ ಬಣ್ಣದ ಸೋರಿಕೆ ಕಾಣುತ್ತದೆ. ಸಿನಿಮಾಕ್ಕೆ ಅವು ಸೊಗಸು. ದಿನವಿಡೀ ಅಕ್ಷರ ಓದುವವರು ಕಣ್ಣಾರೆ ನೋಡದೆ ತರಬಾರದು.

ಹಿಗ್ಗಿಸುವ ಹಿಕ್ಮತ್ತು

4ಕೆ ಪರದೆ ತಂದ ಮೊದಲ ದಿನ ‘ಅಕ್ಷರಗಳೆಲ್ಲ ಇರುವೆಯಷ್ಟಾಗಿವೆ’ ಎಂದು ಗಾಬರಿಯಾಗುವವರುಂಟು. ಪಿಕ್ಸೆಲ್ ಚಿಕ್ಕದಾದಾಗ, ಪಿಕ್ಸೆಲ್ ಎಣಿಸಿ ಬರೆಯುವ ಅಕ್ಷರವೂ ಕುಗ್ಗುತ್ತದೆ. ಇದಕ್ಕೆ ಮದ್ದು ಸ್ಕೇಲಿಂಗ್. 27 ಇಂಚಿನ 4ಕೆ ಪರದೆಯನ್ನು ಶೇ. 150ಕ್ಕೆ ಇಟ್ಟರೆ ಮೇಜಿನ ಮೇಲೆ ಸಿಗುವ ಜಾಗ ಕ್ಯೂಎಚ್‌ಡಿ ಪರದೆಯಷ್ಟೇ, ಶೇ. 200ಕ್ಕೆ ಇಟ್ಟರೆ ಫುಲ್ ಎಚ್‌ಡಿಯಷ್ಟು. ಅಂದರೆ 4ಕೆ ಕೊಂಡವರು ಹೆಚ್ಚು ಕಿಟಕಿಗಳನ್ನು ತುಂಬಲು ಕೊಂಡಿಲ್ಲ, ಅದೇ ಕಿಟಕಿಗಳನ್ನು ನಯವಾಗಿ ನೋಡಲು ಕೊಂಡಿದ್ದಾರೆ. ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಆಮೇಲೆ ನಿರಾಸೆಯಾಗದು. ರೆಸಲ್ಯೂಶನ್ನನ್ನೇ 1920×1080ಕ್ಕೆ ಇಳಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳುವವರು ಮಾತ್ರ ಕೊಟ್ಟ ಹಣವನ್ನು ಹೊಳೆಗೆ ಹಾಕಿದಂತೆ.

ಸ್ಕೇಲಿಂಗ್ ಅರಿಯದ ಹಳೆಯ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿವೆ. ಅವುಗಳ ಕಿಟಕಿಯನ್ನು ವಿಂಡೋಸ್ ಚಿತ್ರದಂತೆ ಎಳೆದು ಹಿಗ್ಗಿಸುತ್ತದೆ, ಅಕ್ಷರ ಮಸುಕಾಗುತ್ತದೆ. ನಿಮ್ಮ ಕಚೇರಿ ಅಂಥ ಒಂದೇ ತಂತ್ರಾಂಶದ ಮೇಲೆ ನಡೆಯುತ್ತಿದ್ದರೆ ಮೊದಲು ಅದನ್ನು ಸಾಂದ್ರ ಪರದೆಯಲ್ಲಿ ಓಡಿಸಿ ನೋಡಿ. ಮ್ಯಾಕ್ ಬಳಸುವವರಿಗೆ ಸರಿಯಾಗಿ ಎರಡು ಪಟ್ಟು ಹಿಗ್ಗಿಸಿದಾಗ ಚಿತ್ರ ಅತಿ ಚೊಕ್ಕ. 27 ಇಂಚಿನ 5ಕೆ ಪರದೆ ಅವರಿಗೆ ಒಪ್ಪುವುದು ಅದಕ್ಕೇ.

ತಂತಿಯ ತಕರಾರು

ಇಷ್ಟು ಪಿಕ್ಸೆಲ್‌ಗಳಿಗೆ ಬಣ್ಣದ ಮಾಹಿತಿ ತಲುಪುವುದು ಒಂದು ಕೇಬಲ್‌ನಲ್ಲಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಒಂದೊಂದಕ್ಕೂ 24 ಬಿಟ್, ಸೆಕೆಂಡಿಗೆ 60 ಬಾರಿ ಎಂದರೆ ಸುಮಾರು 1,200 ಕೋಟಿ ಬಿಟ್. 2009ರಲ್ಲಿ ಬಂದ ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 816 ಕೋಟಿ ಬಿಟ್ ಮಾತ್ರ. 2013ರ ಎಚ್‌ಡಿಎಂಐ 2.0ರಲ್ಲಿ ಅದು 1,440 ಕೋಟಿಗೆ ಏರಿತು. ಡಿಸ್‌ಪ್ಲೇಪೋರ್ಟ್ 1.2ರದು 1,728 ಕೋಟಿ.

ಹಳೆಯ ಹಲವು ಲ್ಯಾಪ್‌ಟಾಪ್‌ಗಳಲ್ಲಿರುವುದು ಎಚ್‌ಡಿಎಂಐ 1.4. ಅದಕ್ಕೆ 4ಕೆ ಮಾನಿಟರ್ ಸಿಕ್ಕಿಸಿದರೆ ಚಿತ್ರವೇನೋ ಬರುತ್ತದೆ, ಸೆಕೆಂಡಿಗೆ 30 ಬಾರಿ ಮಾತ್ರ. ಮೌಸ್ ಎಳೆದರೆ ಬಾಣದ ಗುರುತು ತಡವರಿಸುತ್ತ ಹಿಂದೆ ಬರುತ್ತದೆ. ಮಾನಿಟರೇ ಕೆಟ್ಟದ್ದೆಂದು ಅಂಗಡಿಯವರ ಜೊತೆ ಜಗಳ ಶುರುವಾಗುತ್ತದೆ. ಇನ್ನು ಕೆಲವೊಮ್ಮೆ, ವೇಗ ಉಳಿಸಲೆಂದು ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಹಂಚುತ್ತಾರೆ. ಟಿವಿಯನ್ನು ಮಾನಿಟರ್ ಮಾಡಿಕೊಂಡವರಿಗೆ ಇದು ಗೊತ್ತಿರುತ್ತದೆ: ಕಪ್ಪಕ್ಷರ ಸರಿಯಿದ್ದು, ಕೆಂಪಕ್ಷರ ಮಾತ್ರ ಶಾಯಿ ಹರಡಿದಂತೆ ಕಾಣುತ್ತದೆ. ಅಗ್ಗದ ಎಷ್ಟೋ ಯುಎಸ್‌ಬಿ-ಸಿ ಹಬ್‌ಗಳು 4ಕೆ ಎಂದು ಬರೆದುಕೊಂಡಿದ್ದರೂ 30 ಹರ್ಟ್ಸ್‌ಗೇ ನಿಲ್ಲುತ್ತವೆ. ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟ ತೆರೆದರೆ ಎಷ್ಟು ಹರ್ಟ್ಸ್ ಓಡುತ್ತಿದೆ ಎಂದು ಕಾಣುತ್ತದೆ, 60 ಇರಬೇಕು.

ತಂತಿಯ ಈ ಗೋಳು ಹೊಸದಲ್ಲ. 2001ರಲ್ಲೇ ಐಬಿಎಂ ಕಂಪನಿ 22.2 ಇಂಚಿನ, 3840×2400 ಪಿಕ್ಸೆಲ್‌ಗಳ ಟಿ220 ಮಾನಿಟರ್ ತಂದಿತ್ತು. ಅದರ ಸಾಂದ್ರತೆ 204 ಪಿಪಿಐ. ಇಂದಿನ ಬಹುಪಾಲು ಮಾನಿಟರ್‌ಗಳಿಗೂ ಅಷ್ಟಿಲ್ಲ. ಆದರೆ ಪೂರ್ತಿ ವೇಗಕ್ಕೆ ಅದಕ್ಕೆ ನಾಲ್ಕು ಡಿವಿಐ ಸಂಪರ್ಕ ಬೇಕಿತ್ತು. ಆಗಲೂ ಸೆಕೆಂಡಿಗೆ 41 ಬಾರಿಗಿಂತ ಹೆಚ್ಚು ಚಿತ್ರ ಮೂಡುತ್ತಿರಲಿಲ್ಲ.

ಪರದೆಯ ಗುಣ, ಕಣ್ಣಿನ ಪಾಡು

ಓದುಬರಹದ ಕೆಲಸಕ್ಕೆ ಐಪಿಎಸ್ ಪ್ಯಾನೆಲ್ ನಂಬಿಕಸ್ಥ. ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಇನ್ನೂ ಗಾಢವಾಗಿರುತ್ತದೆ, ಆದರೆ ಅಂಚಿನತ್ತ ನೋಡುವಾಗ ಛಾಯೆ ಬದಲಾಗುತ್ತದೆ. ಕಿಟಕಿಯ ಬೆಳಕು ಬೀಳುವ ಕೋಣೆಗೆ ಹೊಳಪಿಲ್ಲದ ಮ್ಯಾಟ್ ಪರದೆಯೇ ಸರಿ.

ಕೆಲವು ಮಾನಿಟರ್‌ಗಳು ಬೆಳಕು ತಗ್ಗಿಸಲು ಬ್ಯಾಕ್‌ಲೈಟನ್ನು ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಇದು ಕೆಲವರಿಗೆ ತಲೆನೋವು ತರುತ್ತದೆ. ಪತ್ತೆ ಹಚ್ಚುವುದು ಸುಲಭ. ಬೆಳಕು ಪೂರ್ತಿ ತಗ್ಗಿಸಿ, ಬಿಳಿ ಪರದೆಯ ಮುಂದೆ ಪೆನ್ಸಿಲ್ಲನ್ನು ಬೀಸಣಿಗೆಯಂತೆ ಜೋರಾಗಿ ಅಲ್ಲಾಡಿಸಿ. ಒಂದೇ ಮಬ್ಬು ಛಾಯೆ ಕಂಡರೆ ಪರದೆ ಮಿನುಗುತ್ತಿಲ್ಲ. ಹಲವು ಬಿಡಿ ಪೆನ್ಸಿಲ್‌ಗಳು ಕಂಡರೆ ಮಿನುಗುತ್ತಿದೆ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಸುರಿಯುವ ಮುನ್ನ ಯೋಚಿಸಿ. ಕಂಪ್ಯೂಟರ್ ನೋಡುವಾಗಿನ ಕಣ್ಣಿನ ಆಯಾಸವನ್ನು ಅಂಥ ಗಾಜುಗಳು ತಗ್ಗಿಸುತ್ತವೆ ಎನ್ನಲು ಆಧಾರ ಸಾಲದು ಎಂದು 2023ರ ಕೊಕ್ರೇನ್ ವಿಮರ್ಶೆ ಹೇಳಿತು. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಉರಿಗೆ ದೊಡ್ಡ ಕಾರಣ ಅದು. ಚಾಳೀಸು ಬಂದವರಿಗೆ ಇನ್ನೊಂದು ತೊಡಕು. ಪುಸ್ತಕ ಓದುವ ಗಾಜು ಒಂದಡಿ ಚಿಲ್ಲರೆ ದೂರಕ್ಕೆ ಹೊಂದಿಸಿದ್ದು. ಮಾನಿಟರ್ ಇರುವುದು ಎರಡಡಿ ದೂರದಲ್ಲಿ. ಗದ್ದ ಎತ್ತಿ, ಕತ್ತು ಮುಂದೆ ಚಾಚಿ ಓದುವವರು ಮಾನಿಟರಿಗಿಂತ ಮೊದಲು ಕನ್ನಡಕ ಬದಲಿಸಬೇಕು. ಪರದೆಯಿಂದ ಕಣ್ಣಿನ ದೂರ ಅಳೆದುಕೊಂಡು ಹೋಗಿ ಹೇಳಿದರೆ ವೈದ್ಯರು ಆ ದೂರಕ್ಕೇ ಗಾಜು ಬರೆದುಕೊಡುತ್ತಾರೆ.

ಕೊನೆಗೆ ಯಾವುದು?

ಲೆಕ್ಕಪಟ್ಟಿ, ಇಮೇಲ್, ಬ್ಯಾಂಕಿನ ಕೆಲಸ ಇಷ್ಟೇ ಆದರೆ 24 ಇಂಚಿನ ಫುಲ್ ಎಚ್‌ಡಿ ಇಂದಿಗೂ ಸಾಕು, ಇರುವುದನ್ನು ಎಸೆಯಬೇಡಿ. ಒಂದು ಹೆಜ್ಜೆ ಮೇಲೇರಲು 27 ಇಂಚಿನ ಕ್ಯೂಎಚ್‌ಡಿ. ಸ್ಕೇಲಿಂಗ್ ರಗಳೆಯೂ ಇಲ್ಲ, ಹಳೆಯ ಕೇಬಲ್ಲೂ ನಡೆಯುತ್ತದೆ. ದಿನವಿಡೀ ಓದುವವರಿಗೆ, ಅದರಲ್ಲೂ ಕನ್ನಡ ಓದುವವರಿಗೆ, 27 ಇಂಚಿನ 4ಕೆ ಐಪಿಎಸ್ ಪರದೆಯೇ ನನ್ನ ಮಟ್ಟಿಗೆ ಸರಿಯಾದ ಆಯ್ಕೆ. ಸ್ವಲ್ಪ ಹಿಂದೆ ಸರಿದು ಕೂರುವವರು 32 ಇಂಚಿಗೆ ಹೋಗಬಹುದು. 27 ಇಂಚಿನ ಫುಲ್ ಎಚ್‌ಡಿಯನ್ನು ಮಾತ್ರ ಓದುಬರಹಕ್ಕೆ ತರಬೇಡಿ. ಯಾವುದೇ ಆದರೂ ಎತ್ತರ ಹೊಂದಿಸಲು ಬರುವ ಸ್ಟ್ಯಾಂಡ್ ಇರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಬೇಕು.

ಬೆಂಗಳೂರಿನ ಎಸ್‌ಪಿ ರಸ್ತೆಯಾಗಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಾಗಲಿ, ಪ್ರದರ್ಶನಕ್ಕಿಟ್ಟ ಪರದೆಯಲ್ಲಿ ಜಲಪಾತವೋ ಹೂದೋಟವೋ ಓಡುತ್ತಿರುತ್ತದೆ. ಅದರಲ್ಲಿ ಯಾವ ಪರದೆಯೂ ಚೆನ್ನಾಗಿಯೇ ಕಾಣುತ್ತದೆ. ನೀವು ದಿನವೂ ಓದುವ ಕನ್ನಡ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ತೆರೆಸಿ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ನಿಂತು, ಒತ್ತಕ್ಷರಗಳನ್ನು ಓದಿ. ಕಣ್ಣು ಕಿರಿದು ಮಾಡದೆ ಓದಲು ಬಂದರೆ ಕೊಳ್ಳಿ. ಬಾರದಿದ್ದರೆ ಅಂಗಡಿಯವರು ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.