ಸಿಂಹಾಸನವನ್ನಿಳಿದು ದಂಡ ಹಿಡಿದ ದೊರೆ

ಸ್ಕಾಟ್‌ಲೆಂಡಿನ ಅರಸರೆಂದೊಡನೆ ನಮ್ಮ ಅಧ್ಯಾಪಕ ಬಂಧುಗಳಿಗೂ ಹಿರಿಯ ವಿದ್ಯಾರ್ಥಿಗಳಿಗೂ ಥಟ್ಟನೆ ನೆನಪಾಗುವವನು ಮ್ಯಾಕ್‌ಬೆತ್. 1040ರಿಂದ 1057ರವರೆಗೆ ಆಳಿದ ಆ ದೊರೆಯನ್ನು ಷೇಕ್ಸ್‌ಪಿಯರ್ ಮಹಾಕವಿಯು ಲೋಕಪ್ರಸಿದ್ಧನನ್ನಾಗಿ ಮಾಡಿದನು. ಆ ಪ್ರಸಿದ್ಧಿಯು ಅವನ ಪಾಲಿಗೆ ಅಪಕೀರ್ತಿಯೇ ಆಯಿತೆಂಬುದು ಬೇರೆಯ ಮಾತು. ಮ್ಯಾಕ್‌ಬೆತ್‌ನಿಗಿಂತ ಒಂದು ಶತಮಾನದಷ್ಟು ಹಿಂದೆ, 900ರಿಂದ 943ರವರೆಗೆ 43 ವರ್ಷಗಳ ದೀರ್ಘಕಾಲ ಅದೇ ನೆಲವನ್ನಾಳಿ, ಕೊನೆಗೆ ಕಿರೀಟವನ್ನು ತಾನಾಗಿ ಕೆಳಗಿಟ್ಟು ವಿರಕ್ತ ಜೀವನವನ್ನು ಕೈಗೊಂಡ ಎರಡನೆಯ ಕಾನ್‌ಸ್ಟಂಟೈನನಿಗೆ ಅಂತಹ ನಾಟಕಕಾರನೊಬ್ಬನೂ ದೊರೆಯಲಿಲ್ಲ. ರೋಮನ್ ಚಕ್ರವರ್ತಿಯಾದ ಅದೇ ಹೆಸರಿನವನೊಡನೆ ಇವನನ್ನು ಗೊಂದಲಮಾಡಿಕೊಳ್ಳಬಾರದು. ಇವನ ಬದುಕು ಓದುಗರಿಗೆ ಪರಿಚಿತವಾಗಲೆಂಬ ಉದ್ದೇಶದಿಂದ ಈ ಚಿಕ್ಕ ಬರಹವನ್ನು ಸಿದ್ಧಪಡಿಸಲಾಗಿದೆ.

ಇವನ ಚರಿತ್ರೆಯನ್ನು ತಿಳಿಯಲು ನಮಗಿರುವ ಆಧಾರಗಳು ತೀರ ಕಡಿಮೆ. ಆಲ್ಬದ ಅರಸರ ವೃತ್ತಾಂತವೆಂಬ ಲ್ಯಾಟಿನ್ ಬರಹವೊಂದು ಉಳಿದುಬಂದಿದೆ. ಅದೂ ಸ್ಕಾಟ್‌ಲೆಂಡಿನಲ್ಲಿ ಉಳಿಯಲಿಲ್ಲ. 14ನೆಯ ಶತಮಾನದಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ನಕಲಾದ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದು, ಈಗ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದೆ. ಒಬ್ಬೊಬ್ಬ ಅರಸನಿಗೆ ಕೆಲವೇ ಸಾಲುಗಳು. ಇದರೊಡನೆ ಐರ್ಲೆಂಡಿನ ಅಲ್‌ಸ್ಟರ್ ವಾರ್ಷಿಕ ದಾಖಲೆಗಳು, ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ಇವುಗಳನ್ನು ಹೋಲಿಸಿ ನೋಡಬೇಕಾಗುತ್ತದೆ. ಇವುಗಳಲ್ಲಿ ಮೂರನೆಯದು ಶತ್ರುಪಕ್ಷದ ಬರಹ. ಆದಕಾರಣ ಅದರ ಹೊಗಳಿಕೆ ತೆಗಳಿಕೆಗಳನ್ನು ವಿವೇಚಿಸಿಯೇ ಸ್ವೀಕರಿಸತಕ್ಕದ್ದು.

ಕಾನ್‌ಸ್ಟಂಟೈನನು ಕೆನೆತ್ ಮಕ್ ಆಲ್ಪಿನ್ ಎಂಬ ಪ್ರಸಿದ್ಧ ಅರಸನ ಮೊಮ್ಮಗ. 858ರಲ್ಲಿ ತೀರಿಕೊಂಡ ಕೆನೆತ್‌ನ ಬಳಿಕ ಅವನ ತಮ್ಮನೂ, ತರುವಾಯ ಇಬ್ಬರು ಮಕ್ಕಳೂ ಒಬ್ಬರಾದ ಮೇಲೊಬ್ಬರು ಪಟ್ಟವೇರಿದರು. ಮಕ್ಕಳಲ್ಲಿ ಮೊದಲು ಆಳಿದ ಒಂದನೆಯ ಕಾನ್‌ಸ್ಟಂಟೈನನು ವೈಕಿಂಗರೊಡನೆ ಕಾದಾಡುತ್ತ ಮಡಿದನು. ನಮ್ಮ ಕಥಾನಾಯಕನ ತಂದೆಯಾದ ಏಡ್‌ನಾದರೋ 878ರಲ್ಲಿ ಸ್ವಂತ ಜನರ ಕೈಯಿಂದಲೇ ಹತನಾದನು. ತಂದೆ ಮಡಿದಾಗ ಮಗನಿಗೆ ವಯಸ್ಸೆಷ್ಟಿದ್ದರೂ ಅವನು ಇನ್ನೂ ಬಾಲಕನೇ ಆಗಿದ್ದಿರಬೇಕು; ಏಕೆಂದರೆ ಅವನು ಬದುಕಿದ್ದು 952ರವರೆಗೆ. 900ರಲ್ಲಿ ದೊಡ್ಡಪ್ಪನ ಮಗನಾದ ಎರಡನೆಯ ಡೊನಾಲ್ಡನು ತೀರಿಕೊಳ್ಳಲು ಪಟ್ಟವು ಇವನಿಗೆ ಬಂದಿತು. ಆ ನಾಡಿನಲ್ಲಿ ತಂದೆಯ ತರುವಾಯ ಹಿರಿಯ ಮಗನೇ ಅರಸನಾಗಬೇಕೆಂಬ ಕಟ್ಟಳೆ ಅಂದು ಇರಲಿಲ್ಲ. ರಾಜವಂಶದ ಪುರುಷರಲ್ಲಿ ಸಮರ್ಥನಾದವನು ಗದ್ದುಗೆಯೇರುತ್ತಿದ್ದನು. ಹೀಗಾಗಿ ಅಧಿಕಾರವು ಇಬ್ಬರು ಸೋದರರ ಸಂತತಿಗಳ ನಡುವೆ ಸರದಿಯಂತೆ ತಿರುಗುತ್ತಿದ್ದಿತು. ದಾಯಾದಿ ಮತ್ಸರಕ್ಕೆ ಇದಕ್ಕಿಂತ ಫಲವತ್ತಾದ ನೆಲ ಬೇರೊಂದಿಲ್ಲ. ಅಂತಹ ವ್ಯವಸ್ಥೆಯಲ್ಲಿ ಒಬ್ಬನು ನಾಲ್ಕು ದಶಕಗಳನ್ನು ಮೀರಿ ಆಳಿದನೆಂಬುದೇ ಅವನ ಯೋಗ್ಯತೆಗೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

ಇಲ್ಲಿ ಹೆಸರಿನ ಸಂಗತಿಯೊಂದನ್ನು ಗಮನಿಸಬೇಕು. ಕೆನೆತ್‌ನನ್ನೂ ಅವನ ಮಕ್ಕಳನ್ನೂ ಐರಿಷ್ ದಾಖಲೆಗಳು ‘ಪಿಕ್ಟರ ಅರಸ’ರೆಂದು ಕರೆದಿವೆ. 900ರಲ್ಲಿ ಡೊನಾಲ್ಡನ ಮರಣವನ್ನು ಬರೆಯುವಾಗ ಮೊದಲ ಬಾರಿಗೆ ‘ಆಲ್ಬದ ಅರಸ’ ಎಂಬ ಬಿರುದು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಪಿಕ್ಟರೆಂಬ ಹೆಸರು ಮೆಲ್ಲಗೆ ಮರೆಯಾಗುತ್ತದೆ. ಪಿಕ್ಟರೂ ಗೇಲಿಕ್ ನುಡಿಯ ಸ್ಕಾಟರೂ ಬೆರೆತು ಒಂದೇ ಜನವಾದ ಕಾಲವು ಬಹುಮಟ್ಟಿಗೆ ಈ ಕಾನ್‌ಸ್ಟಂಟೈನನ ಕಾಲವೇ. ಇಂದಿಗೂ ಗೇಲಿಕ್ ನುಡಿಯಲ್ಲಿ ಸ್ಕಾಟ್‌ಲೆಂಡಿಗೆ ಆಲ್ಬ ಎಂದೇ ಹೆಸರು.

ಪಟ್ಟವೇರಿದ ಮೂರನೆಯ ವರ್ಷದಲ್ಲಿಯೇ ವೈಕಿಂಗರು ನಾಡಿನೊಳಕ್ಕೆ ನುಗ್ಗಿ ಡಂಕೆಲ್ಡ್ ಕ್ಷೇತ್ರವನ್ನು ಸೂರೆಗೊಂಡರು. ಸಂತ ಕೊಲಂಬನ ಅವಶೇಷಗಳನ್ನು ಕೆನೆತ್ ಅರಸನು ತಂದಿರಿಸಿದ ಪವಿತ್ರ ಸ್ಥಳವದು. ಮರುವರ್ಷ, ಅಂದರೆ 904ರಲ್ಲಿ, ಸ್ಟ್ರಾತರ್ನ್ ಕಣಿವೆಯಲ್ಲಿ ಕಾನ್‌ಸ್ಟಂಟೈನನ ಪಡೆಯು ಆ ದಾಳಿಕಾರರನ್ನು ತಡೆದು ಸದೆಬಡಿಯಿತು. ವೈಕಿಂಗರೊಡನೆ ನಡೆದ ಕಾಳಗಗಳನ್ನು ಹೇಳುವ ಐರಿಷ್ ವೃತ್ತಾಂತವೊಂದರ ಪ್ರಕಾರ ಆಲ್ಬದ ಜನರು ಉಪವಾಸವಿದ್ದು ಪ್ರಾರ್ಥಿಸಿ, ಕೊಲಂಬನ ದಂಡವನ್ನೇ ಸೇನೆಯ ಮುಂದೆ ಧ್ವಜದಂತೆ ಹಿಡಿದು ನಡೆದರಂತೆ.

906ರಲ್ಲಿ ಸ್ಕೋನ್ ಎಂಬ ರಾಜಸ್ಥಾನದ ಬಳಿಯ ಗುಡ್ಡದ ಮೇಲೆ ದೊರೆಯೂ ಬಿಷಪ್ ಕೆಲ್ಲಖ್‌ನೂ ಕೂಡಿ, ಧರ್ಮದ ನಿಯಮಗಳನ್ನೂ ಚರ್ಚಿನ ಹಕ್ಕುಗಳನ್ನೂ ಸ್ಕಾಟರ ರೀತಿಯಲ್ಲಿ ಕಾಪಾಡುವೆವೆಂದು ಪ್ರತಿಜ್ಞೆಗೈದರು. ಅಂದಿನಿಂದ ಅದಕ್ಕೆ ‘ನಂಬಿಕೆಯ ಗುಡ್ಡ’ ಎಂಬ ಹೆಸರಾಯಿತೆಂದು ವೃತ್ತಾಂತಕಾರನು ಹೇಳುತ್ತಾನೆ. ಅರಸನೊಬ್ಬನು ಬಯಲಿನಲ್ಲಿ ಜನಸಮಕ್ಷಮದಲ್ಲಿ ಧರ್ಮಗುರುವಿನ ಜೊತೆ ನಿಂತು ತನ್ನನ್ನೇ ಕಟ್ಟಳೆಗೆ ಒಳಪಡಿಸಿಕೊಂಡ ಈ ಪ್ರಸಂಗವು ಅವನ ಯುದ್ಧಗಳೆಲ್ಲಕ್ಕಿಂತ ಹೆಚ್ಚಿನದೆಂದು ಈ ಲೇಖಕನಿಗೆ ತೋರುತ್ತದೆ.

918ರಲ್ಲಿ ಟೈನ್ ನದಿಯ ದಡದ ಕಾರ್‌ಬ್ರಿಜ್‌ನಲ್ಲಿ ರ‍್ಯಾಗ್‌ನಲ್ ಎಂಬ ವೈಕಿಂಗ್ ನಾಯಕನೊಡನೆ ಘನಘೋರ ಕಾಳಗವಾಯಿತು. ರ‍್ಯಾಗ್‌ನಲನು ಪಡೆಯನ್ನು ನಾಲ್ಕು ಭಾಗ ಮಾಡಿದ್ದನು. ಆಲ್ಬದವರು ಮೂರನ್ನು ಮುರಿದರು. ಮರೆಯಲ್ಲಿದ್ದ ನಾಲ್ಕನೆಯದು ಹಿಂದಿನಿಂದ ಬಂದೆರಗಿತು. ಕತ್ತಲಾದುದರಿಂದ ಯುದ್ಧವು ನಿಂತಿತು. ಇಬ್ಬರಿಗೂ ಪೂರ್ಣ ಜಯವಿಲ್ಲ.

ಆದರೆ ದೊರೆಯ ನಿಜವಾದ ಅಗ್ನಿಪರೀಕ್ಷೆಯು ದಕ್ಷಿಣದಿಂದ ಬಂದಿತು. ಇಂಗ್ಲೆಂಡಿನಲ್ಲಿ ಮಹಾನುಭಾವನಾದ ಆಲ್‌ಫ್ರೆಡ್ ಅರಸನ ಮೊಮ್ಮಗ ಅಥೆಲ್‌ಸ್ಟನ್ 927ರಲ್ಲಿ ಯಾರ್ಕನ್ನು ವಶಪಡಿಸಿಕೊಂಡು, ಇಡೀ ಬ್ರಿಟನ್ನಿಗೆ ತಾನೇ ಒಡೆಯನೆನ್ನುವ ಮಟ್ಟಕ್ಕೆ ಏರಿದನು. ಆ ವರ್ಷದ ಜುಲೈ 12ರಂದು ಈಮಾಂಟ್ ಎಂಬಲ್ಲಿ ಉತ್ತರದ ಅರಸರೆಲ್ಲರೂ ಅವನೊಡನೆ ಶಾಂತಿಯ ಒಪ್ಪಂದ ಮಾಡಿಕೊಂಡರು, ಕಾನ್‌ಸ್ಟಂಟೈನನೂ ಅವರಲ್ಲೊಬ್ಬ. ಏಳು ವರ್ಷಗಳಲ್ಲಿ ಈ ಒಪ್ಪಂದವು ಮುರಿದುಬಿತ್ತು. 934ರಲ್ಲಿ ಅಥೆಲ್‌ಸ್ಟನ್ ನೆಲದ ಮೇಲೂ ಜಲದ ಮೇಲೂ ಏಕಕಾಲಕ್ಕೆ ದಂಡೆತ್ತಿ ಬಂದನು. ಸೇನೆಯು ಡನ್ನಾಟರ್‌ನವರೆಗೆ ಸಾಗಿತು. ನೌಕಾಪಡೆಯು ಉತ್ತರದ ತುದಿಯಾದ ಕೇತ್‌ನೆಸ್ ತೀರವನ್ನು ಸುಲಿಯಿತು. ಮಗನನ್ನು ಒತ್ತೆಯಾಗಿ ಕೊಟ್ಟು ಮಣಿಯುವುದಲ್ಲದೆ ಕಾನ್‌ಸ್ಟಂಟೈನನಿಗೆ ಅನ್ಯಮಾರ್ಗವಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 13ರಂದು ಬಕಿಂಗ್‌ಹ್ಯಾಮಿನಲ್ಲಿ ಬರೆಯಲಾದ ದಾನಶಾಸನವೊಂದರ ಸಾಕ್ಷಿಗಳ ಪಟ್ಟಿಯಲ್ಲಿ ಅವನ ಹೆಸರಿದೆ. ಅರಸನೆಂದಲ್ಲ, ‘ಉಪರಾಜ’ನೆಂದು. ಮೂವತ್ತನಾಲ್ಕು ವರ್ಷ ಸ್ವತಂತ್ರನಾಗಿ ಆಳಿದ, ನರೆತಲೆಯ ದೊರೆಯು ಪರರ ಆಸ್ಥಾನದಲ್ಲಿ ಮಾಂಡಲಿಕನಾಗಿ ನಿಂತ ಆ ದಿನ ಅವನ ಮನಸ್ಸಿನಲ್ಲಿ ಏನು ನಡೆದಿದ್ದೀತೆಂಬುದನ್ನು ಯಾವ ದಾಖಲೆಯೂ ಹೇಳುವುದಿಲ್ಲ. ಮೂರು ವರ್ಷಗಳ ಬಳಿಕ ಅವನು ಮಾಡಿದ ಕಾರ್ಯವೇ ಅದನ್ನು ಹೇಳುತ್ತದೆ.

937ರಲ್ಲಿ ಕಾನ್‌ಸ್ಟಂಟೈನನು ಡಬ್ಲಿನ್ನಿನ ವೈಕಿಂಗ್ ಅರಸ ಓಲಾಫ್ ಮತ್ತು ಸ್ಟ್ರಾತ್‌ಕ್ಲೈಡಿನ ಅರಸನೊಡನೆ ಕೂಡಿ ಇಂಗ್ಲೆಂಡಿನ ಮೇಲೆ ಏರಿಹೋದನು. ಯೌವನದಲ್ಲಿ ಯಾರನ್ನು ತನ್ನ ನಾಡಿನಿಂದ ಹೊಡೆದಟ್ಟಿದ್ದನೋ ಆ ವೈಕಿಂಗರೇ ಈಗ ಅವನ ಮಿತ್ರರು! ಓಲಾಫನು ಕಾನ್‌ಸ್ಟಂಟೈನನ ಅಳಿಯನೆಂದು ನಂತರದ ಕಾಲದ ಇಂಗ್ಲಿಷ್ ವೃತ್ತಾಂತವೊಂದು ಹೇಳುತ್ತದೆ. ಬ್ರುನನ್‌ಬರ್ ಎಂಬಲ್ಲಿ ಉಭಯ ಸೇನೆಗಳು ಎದುರಾದವು. ಆ ಸ್ಥಳ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಲಿವರ್‌ಪೂಲ್ ಸಮೀಪದ ಬ್ರಾಮ್‌ಬರೊ ಎಂಬ ಊರೇ ಅದೆಂಬ ಅಭಿಪ್ರಾಯಕ್ಕೆ ಹೆಚ್ಚಿನ ಬೆಂಬಲವಿದೆ. ಇಡೀ ದಿನ ನಡೆದ ಕಾಳಗದಲ್ಲಿ ಅಥೆಲ್‌ಸ್ಟನ್ ಗೆದ್ದನು. ಐವರು ಅರಸರೂ ಏಳು ಮಂದಿ ಸರದಾರರೂ ರಣರಂಗದಲ್ಲಿ ಮಡಿದರೆಂದು ಇಂಗ್ಲಿಷ್ ವೃತ್ತಾಂತದೊಳಗಿನ ವಿಜಯಕಾವ್ಯವು ಲೆಕ್ಕ ಹೇಳುತ್ತದೆ. ಆ ಕವಿಯು ನರೆತ ದೊರೆಯನ್ನು ಹೆಸರಿಟ್ಟು ಹಂಗಿಸುತ್ತಾನೆ. ಎಳೆವಯಸ್ಸಿನ ಮಗನನ್ನು ರಣದಲ್ಲಿ ಕಳೆದುಕೊಂಡು ಮರಳಿದ ಮುದುಕನೆಂದು ಹೇಳಿ ಹಿಗ್ಗುತ್ತಾನೆ. ಗೆದ್ದವರ ಕವಿಗೆ ಅದು ಸಹಜವಿರಬಹುದು. ಓದುವವರಿಗೆ ಆ ತಂದೆಯ ಮೇಲೆಯೇ ಮರುಕ ಹುಟ್ಟುತ್ತದೆ.

ಸೋಲಿನ ಬಳಿಕ ಆಲ್ಬ ರಾಜ್ಯವು ಅಳಿಯಿತೇ? ಇಲ್ಲ. ಗೆದ್ದ ಸೇನೆಯು ಉತ್ತರಕ್ಕೆ ಬೆನ್ನಟ್ಟಿ ಹೋಗಲಿಲ್ಲ. 939ರಲ್ಲಿ ಅಥೆಲ್‌ಸ್ಟನ್ ತೀರಿಕೊಂಡನು. ಸೋತಿದ್ದ ಓಲಾಫನೇ ಮರಳಿ ಬಂದು ಯಾರ್ಕಿನ ಅರಸನಾದನು. ಸಮಗ್ರ ಬ್ರಿಟನ್ನಿಗೆ ಒಬ್ಬನೇ ಒಡೆಯನೆಂಬ ಕನಸು ಮುದುರಿತು. 945ರ ಹೊತ್ತಿಗೆ ಇಂಗ್ಲೆಂಡಿನ ಎಡ್ಮಂಡ್ ಅರಸನು ಆಲ್ಬದ ದೊರೆಯನ್ನು ಮಿತ್ರನಾಗಿಸಿಕೊಳ್ಳಲು ತಾನು ಗೆದ್ದ ಕಂಬ್ರಿಯ ನಾಡನ್ನೇ ಅವನಿಗೆ ಬಿಟ್ಟುಕೊಟ್ಟನು.

ಆಗ ಆ ಸ್ಥಾನದಲ್ಲಿದ್ದವನು ಕಾನ್‌ಸ್ಟಂಟೈನನಲ್ಲ. 943ರಲ್ಲಿ, ಅರವತ್ತನ್ನು ದಾಟಿದ್ದ ಅವನು ರಾಜ್ಯವನ್ನು ಒಪ್ಪಿಸಿ ಹೊರನಡೆದಿದ್ದನು. ಒಪ್ಪಿಸಿದ್ದು ಸ್ವಂತ ಮಗನಿಗಲ್ಲ. ದಾಯಾದಿಯಾದ ಡೊನಾಲ್ಡನ ಮಗ ಮಾಲ್ಕಮನಿಗೆ. ಸರದಿಗಾಗಿ ಕಾದಿದ್ದ ಮಾಲ್ಕಮನ ಒತ್ತಾಯವೂ ಇದಕ್ಕೆ ಕಾರಣವಾಗಿದ್ದಿರಬಹುದೆಂದು ಕೆಲವು ಇತಿಹಾಸಕಾರರು ಶಂಕಿಸುತ್ತಾರೆ. ವೃತ್ತಾಂತಕಾರನು ಮಾತ್ರ, ಮುಪ್ಪಿನಿಂದ ಜೀರ್ಣನಾದ ದೊರೆಯು ದಂಡವನ್ನು ಹಿಡಿದು ದೇವರ ಸೇವೆಗೆ ನಿಂತನೆಂದಷ್ಟೇ ಬರೆದಿದ್ದಾನೆ. ಅವನು ಸೇರಿದ್ದು ಇಂದು ಸೇಂಟ್ ಆಂಡ್ರೂಸ್ ಎಂದು ಹೆಸರಾದ ಕ್ಷೇತ್ರದ ಕೇಲಿ ದೇ ಸಮುದಾಯವನ್ನು. ‘ದೇವರ ಸಂಗಾತಿಗಳು’ ಎಂದು ಆ ಹೆಸರಿನ ಅರ್ಥ. 8ನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಕಠಿನ ವ್ರತ, ಉಪವಾಸ, ನಿರಂತರ ಪ್ರಾರ್ಥನೆಗಳಿಂದ ಹೆಸರಾದ ಸಂನ್ಯಾಸಿಗಳ ಗುಂಪು ಅದು. ಆ ಸಮುದಾಯಕ್ಕೆ ಅವನೇ ಅಧಿಪತಿಯಾದನೆಂಬ ಉಲ್ಲೇಖವೂ ಇದೆ.

ಆದರೂ ಹಳೆಯ ಕಿಡಿಯು ಪೂರ್ತಿ ಆರಿರಲಿಲ್ಲವೆಂದು ತೋರುತ್ತದೆ. ಮಾಲ್ಕಮನು ತನ್ನ ಆಳ್ವಿಕೆಯ ಏಳನೆಯ ವರ್ಷದಲ್ಲಿ ಟೀಸ್ ನದಿಯವರೆಗೆ ಇಂಗ್ಲೆಂಡನ್ನು ಸುಲಿದು, ಬಹುಸಂಖ್ಯೆಯ ಜನರನ್ನೂ ದನದ ಹಿಂಡುಗಳನ್ನೂ ಹಿಡಿದು ತಂದನು. ಈ ದಾಳಿಯನ್ನು ನಡೆಸಿದವನು ಕಾನ್‌ಸ್ಟಂಟೈನನೇ, ಇಂಗ್ಲಿಷರನ್ನು ಕಂಡುಬರಲು ಒಂದು ವಾರದ ಮಟ್ಟಿಗೆ ರಾಜ್ಯವನ್ನು ತನಗೆ ಮರಳಿ ಕೊಡೆಂದು ಮಾಲ್ಕಮನನ್ನು ಕೇಳಿಕೊಂಡನೆಂದು ಕೆಲವರು ಹೇಳುತ್ತಿದ್ದರಂತೆ. ಅದನ್ನು ದಾಖಲಿಸಿದ ವೃತ್ತಾಂತಕಾರನೇ, ಹೋದವನು ಮಾಲ್ಕಮನು, ಹುರಿದುಂಬಿಸಿದವನು ಮಾತ್ರ ಕಾನ್‌ಸ್ಟಂಟೈನನೆಂದು ತಿದ್ದುತ್ತಾನೆ. 952ರಲ್ಲಿ, ಎಪ್ಪತ್ತನ್ನು ಮೀರಿದ ವಯಸ್ಸಿನಲ್ಲಿ, ಸಂನ್ಯಾಸಿಯಾಗಿಯೇ ಅವನು ಕಣ್ಮುಚ್ಚಿದನು. ಎರಡು ವರ್ಷಗಳ ತರುವಾಯ ಮಾಲ್ಕಮನು ಹತನಾಗಲು, ಗದ್ದುಗೆಯು ಸರದಿಯಂತೆ ಕಾನ್‌ಸ್ಟಂಟೈನನ ಮಗ ಇಂಡಲ್ಫನಿಗೆ ಬಂದಿತು.