ಬೆಳಗಿನ ಜಾವ 4.30ರ ಮಿಯಾಂವ್

ಬೆಕ್ಕು ಇರೋ ಮನೆಗೆ ಅಲಾರಾಂ ಬೇಕಾಗಿಲ್ಲ. ಬೆಳಗಿನ ಜಾವ 4.30ಕ್ಕೆ ಸರಿಯಾಗಿ ಬಂದು ಎದೆ ಮೇಲೆ ಕೂರುತ್ತೆ. ಏಳದಿದ್ದರೆ ಕಿವಿ ಹತ್ತಿರ ಮಿಯಾಂವ್ ಅನ್ನುತ್ತೆ. ಅದಕ್ಕೂ ಏಳದಿದ್ದರೆ ಟೇಬಲ್ ಮೇಲಿರೋ ಕ್ಯಾಲ್ಕುಲೇಟರನ್ನು ನಿಧಾನಕ್ಕೆ ಅಂಚಿಗೆ ತಳ್ಳಿ ಕೆಳಗೆ ಬೀಳಿಸುತ್ತೆ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿದ್ದ ಸದ್ದಿಗೂ ಏಳದ ಇಂಜಿನಿಯರಿಂಗ್ ಸ್ಟೂಡೆಂಟ್ ಇನ್ನೂ ಹುಟ್ಟಿಲ್ಲ ಅಂತ ಅದಕ್ಕೂ ಗೊತ್ತು.

ದಾವಣಗೆರೆಯಲ್ಲಿ ನಾವು ನಾಲ್ಕು ಜನ ಬಾಡಿಗೆಗೆ ಇರೋ ಮನೆಗೆ ನಮಗಿಂತ ಮೊದಲೇ ಬಂದಿದ್ದು ಬೋಂಡಾ. ಹಿಂದೆ ಇದ್ದ ಸೀನಿಯರ್ಸ್ ಮನೆ ಖಾಲಿ ಮಾಡುವಾಗ ಒಂದು ಗ್ಯಾಸ್ ಸ್ಟವ್, ಎರಡು ಚಾಪೆ, ಜೊತೆಗೆ ಈ ಬೆಕ್ಕು, ಇಷ್ಟನ್ನು ನಮಗೆ ಬಿಟ್ಟು ಹೋದರು. ಗಂಡು ಬೆಕ್ಕು, ಮೂರು ವರ್ಷ, ಸಂತಾನಹರಣ ಆಪರೇಷನ್ ಆಗಿದೆ. ಎಲ್ಲಾ ಸರಿ, ಆದರೆ ಅದರ ಗಲಾಟೆಯಿಂದ ಕೆಳಗಡೆ ಇರೋ ಓನರ್ ಆಂಟಿಗೂ ನಿದ್ದೆ ಇಲ್ಲ. "ನೋಡ್ರಪ್ಪಾ, ಈ ತಿಂಗಳು ಮುಗಿಯೋದ್ರೊಳಗೆ ಅದು ಸುಮ್ಮನಾಗ್ಬೇಕು. ಇಲ್ಲಾಂದ್ರೆ ಎಲ್ಲಾದ್ರೂ ಬಿಟ್ಟು ಬಂದ್ಬಿಡಿ" ಅಂದಿದ್ದಾರೆ. ಇಂಟರ್ನಲ್ಸ್ ಬೇರೆ ಬಂತು. ಹಾಗಾಗಿ ಈ ವಿಷಯವನ್ನು ಯಾವ ಸಬ್ಜೆಕ್ಟ್‌ಗೂ ಓದದಷ್ಟು ಸೀರಿಯಸ್ಸಾಗಿ ಓದಿದ್ದೀವಿ.

ಮೊದಲು ಈ "ಎಲ್ಲಾದ್ರೂ ಬಿಟ್ಟು ಬರೋ" ವಿಷಯ. ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮನೆ ಬೆಕ್ಕಿಗೆ ಅದರ ಏರಿಯಾನೇ ಪ್ರಪಂಚ. ಹೊಸ ಜಾಗದಲ್ಲಿ ಊಟ ಎಲ್ಲಿ, ನಾಯಿ ಬಂದರೆ ಯಾವ ಗೋಡೆ ಹತ್ತಬೇಕು, ಏನೂ ಗೊತ್ತಿರಲ್ಲ. ಅಲ್ಲಿ ಮೊದಲಿಂದ ಇರೋ ಬೆಕ್ಕುಗಳೂ ಸೇರಿಸಲ್ಲ. ಜೊತೆಗೆ, ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನು ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಆದ್ದರಿಂದ ಆ ಆಪ್ಷನ್ ನಮ್ಮ ಲಿಸ್ಟ್‌ನಲ್ಲೇ ಇಲ್ಲ.

ಬೆಕ್ಕು ನಿಶಾಚರ ಪ್ರಾಣಿ, ರಾತ್ರಿಯೆಲ್ಲಾ ಎದ್ದಿರುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಅದು ಚುರುಕಾಗಿರೋದು ಮುಖ್ಯವಾಗಿ ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಮನೆ ಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಇಲಿಯಂಥ ಸಣ್ಣ ಪ್ರಾಣಿಗಳು ಓಡಾಡೋ ಹೊತ್ತಲ್ಲೇ ಬೇಟೆ ಆಡಿದ ಪ್ರಾಣಿ ಅದು. ಆ ಟೈಮ್‌ಟೇಬಲ್ ಬೋಂಡಾನ ಮೈಯಲ್ಲಿ ಇನ್ನೂ ಇದೆ. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುತ್ತೆ. ನಾವು ಕ್ಲಾಸಿಗೆ ಹೋದ ಮೇಲೆ, ದಾವಣಗೆರೆ ಬಿಸಿಲಿಗೆ, ಟೆರೇಸ್ ಮೇಲಿನ ನೀರಿನ ಟ್ಯಾಂಕ್ ನೆರಳಲ್ಲಿ ಮಲಗಿಬಿಟ್ಟರೆ ಸಂಜೆ ನಾಲ್ಕಕ್ಕೇ ಏಳೋದು. ನಾವು ಮಲಗೋ ಹೊತ್ತಿಗೆ ಅದರ ಬ್ಯಾಟರಿ ಫುಲ್ ಚಾರ್ಜ್.

ಆದರೆ ಇದು ಅರ್ಧ ಉತ್ತರ ಮಾತ್ರ. ಎಚ್ಚರ ಆದ ಬೆಕ್ಕು ಸುಮ್ಮನೆ ಕಿಟಕಿ ನೋಡ್ತಾ ಕೂರಬಹುದು. ನಮ್ಮನ್ನೇ ಯಾಕೆ ಎಬ್ಬಿಸಬೇಕು? ಯಾಕಂದ್ರೆ ಎಬ್ಬಿಸಿದರೆ ಏನೋ ಸಿಗುತ್ತೆ ಅಂತ ಕಲಿತಿದೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತಲ್ವಾ? ಕುದಿಯೋ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು, ಆಮೇಲೆ ಹಾಲು ಕಂಡರೇ ಓಡಿಹೋಗುತ್ತಿತ್ತು. ಒಂದೇ ಸಲಕ್ಕೆ ಪಾಠ ಕಲಿತ ಬೆಕ್ಕು ಅದು. ನಮ್ಮ ಬೆಕ್ಕುಗಳೂ ಹಾಗೇ ಕಲಿಯುತ್ತವೆ, ಆದರೆ ಉಲ್ಟಾ ದಿಕ್ಕಿನಲ್ಲಿ: ಕೂಗಿದೆ, ಮನುಷ್ಯ ಎದ್ದ, ಊಟ ಬಂತು. ಮಜಾ ಏನಂದ್ರೆ, ಪ್ರತಿ ಸಲ ಸಿಗೋ ಬಹುಮಾನಕ್ಕಿಂತ ಯಾವಾಗಲೋ ಒಮ್ಮೆ ಸಿಗೋ ಬಹುಮಾನದಿಂದ ಕಲಿತ ಅಭ್ಯಾಸ ಬಿಡಿಸೋದು ಜಾಸ್ತಿ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಇದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1957ರಲ್ಲಿ ಫರ್ಸ್ಟರ್ ಜೊತೆ ಸೇರಿ ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ನಮಗೆ ಅರ್ಥ ಆಗೋ ಉದಾಹರಣೆ ಬೇಕಾ? ರಿಸಲ್ಟ್ ದಿನ ವೆಬ್‌ಸೈಟ್ ಹ್ಯಾಂಗ್ ಆಗಿದ್ದರೂ ಇನ್ನೂರು ಸಲ ರಿಫ್ರೆಶ್ ಒತ್ತುತ್ತೀವಿ. ಯಾಕೆ? ಹಿಂದಿನ ಸೆಮ್‌ನಲ್ಲಿ ಯಾವಾಗಲೋ ಒಂದು ಸಲ ಓಪನ್ ಆಗಿತ್ತು, ಅದಕ್ಕೆ.

ಸೀನಿಯರ್ಸ್ ಕಾಲದಲ್ಲಿ ಆಗಿದ್ದೂ ಇದೇ. ಮೂರು ಜನ ತಲೆ ಮೇಲೆ ದಿಂಬು ಹಾಕಿಕೊಂಡು ಮಲಗಿದರೆ, ಮನಸ್ಸು ಮೆತ್ತಗಿರೋ ನಾಲ್ಕನೆಯವರು ವಾರಕ್ಕೆರಡು ಸಲ ಎದ್ದು ಹಾಲು ಹಾಕುತ್ತಿದ್ದರಂತೆ. ಬೋಂಡಾಗೆ ಅಷ್ಟು ಸಾಕಾಯಿತು. ಹಾಗಾಗಿ ನಾಲ್ಕು ಜನ ಇರೋ ರೂಮಿನಲ್ಲಿ ನಾಲ್ಕೂ ಜನ ಒಂದೇ ರೂಲ್ ಪಾಲಿಸದಿದ್ದರೆ ಏನು ಮಾಡಿದರೂ ವೇಸ್ಟ್. ಬೈಯೋದೂ ಲೆಕ್ಕಕ್ಕೆ ಬರುತ್ತೆ. "ಏಯ್ ಸುಮ್ನಿರೋ" ಅಂದರೂ ಮನುಷ್ಯ ಎದ್ದ ಅಂತಾನೇ ಅರ್ಥ. ಹೊಡೆಯೋದು, ಮುಖಕ್ಕೆ ನೀರು ಎರಚೋದು ಮಾಡಿದರೆ ಬೆಕ್ಕು ಹೆದರುತ್ತೆ, ಹೆದರಿದ ಬೆಕ್ಕು ಇನ್ನೂ ಕಿರಿಕಿರಿ ಮಾಡುತ್ತೆ.

ಪೂರ್ತಿ ಗಮನ ಕೊಡೋದು ನಿಲ್ಲಿಸಿದಾಗ ಮೊದಲ ಕೆಲವು ದಿನ ಕೂಗಾಟ ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ. ಇದು ಗೊತ್ತಿಲ್ಲದೇ ತುಂಬಾ ಜನ ಇಲ್ಲೇ ಸೋಲುತ್ತಾರೆ. ಬೈಕ್ ಸ್ಟಾರ್ಟ್ ಆಗದಿದ್ದರೆ ನಾವೇನು ಮಾಡ್ತೀವಿ? ತಕ್ಷಣ ಇಳಿದು ತಳ್ಳಲ್ಲ, ಇನ್ನೂ ಜೋರಾಗಿ ನಾಲ್ಕು ಕಿಕ್ ಹೊಡೀತೀವಿ. ಬೆಕ್ಕೂ ಅಷ್ಟೇ. ಆ ನಾಲ್ಕನೇ ಕಿಕ್ಕಿಗೆ ಎದ್ದು ಊಟ ಹಾಕಿದಿರೋ, "ಓಹೋ, ಇಷ್ಟು ಜೋರಾಗಿ ಕೂಗಬೇಕು" ಅನ್ನೋ ಹೊಸ ಪಾಠ ಹೇಳಿಕೊಟ್ಟ ಹಾಗಾಯಿತು. ಈ ದಿನಗಳ ಬಗ್ಗೆ ಓನರ್ ಆಂಟಿಗೆ ಮೊದಲೇ ಹೇಳಿಟ್ಟಿದ್ದು ಒಳ್ಳೆಯದಾಯಿತು. ಒಂದು ಡಬ್ಬಿ ಬೆಣ್ಣೆ ಬಿಸ್ಕೆಟ್ ಜೊತೆ ಹೇಳಿದರೆ ಇನ್ನೂ ಒಳ್ಳೆಯದು.

ಆದರೆ ಹಸಿದ ಬೆಕ್ಕನ್ನು ಸುಮ್ಮನಿರು ಅನ್ನೋದು ನ್ಯಾಯ ಅಲ್ಲ. ಬರೀ ಮೊಸರನ್ನ ಹಾಕಿ ಬೆಕ್ಕು ಸಾಕೋ ಮನೆಗಳು ತುಂಬಾ ಇವೆ. ಬೆಕ್ಕು ಮಾಂಸ ತಿಂದೇ ಬದುಕೋ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಅನ್ನೋ ಅಂಶ ಅನ್ನದಲ್ಲಿ ಇರಲ್ಲ, ಅದರ ಕೊರತೆ ಆದರೆ ಕಣ್ಣು ಮತ್ತು ಹೃದಯ ಹಾಳಾಗುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣ ಆಗಲ್ಲ, ಭೇದಿ ಆಗುತ್ತೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರಂತೂ ವಿಷ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಚಿಕನ್ ಅಥವಾ ಮೀನು, ಜೊತೆಗೆ ಅಂಗಡಿಯ ಬೆಕ್ಕಿನ ಫುಡ್, ಇದು ನಮ್ಮ ಬಜೆಟ್ಟಿಗೆ ಹೊಂದಿಕೊಂಡ ಮೆನು.

ಯಾವಾಗ ಹಾಕೋದು ಅನ್ನೋದು ಏನು ಹಾಕೋದು ಅನ್ನೋದರಷ್ಟೇ ಮುಖ್ಯ. ಬೆಕ್ಕಿನ ಕ್ರಮ ಹೀಗಿರುತ್ತೆ: ಬೇಟೆ ಆಡು, ತಿನ್ನು, ಮೈ ನೆಕ್ಕಿಕೋ, ಮಲಗು. ಈ ಕ್ರಮವನ್ನು ನಮ್ಮ ಮಲಗೋ ಟೈಮಿಗೆ ಎಳೆದುಕೊಂಡು ಬರಬೇಕು. ರಾತ್ರಿ 10.30ಕ್ಕೆ ಹಳೇ ಶೂ ಲೇಸಿಗೆ ರಟ್ಟಿನ ತುಂಡು ಕಟ್ಟಿ ಹತ್ತು ಹದಿನೈದು ನಿಮಿಷ ಓಡಿಸ್ತೀವಿ. ಕೊನೆಗೆ ಅದು ಹಿಡಿಯೋಕೆ ಬಿಡಲೇಬೇಕು. (ಲೇಸರ್ ಪಾಯಿಂಟರ್ ನಮಗಿಷ್ಟ ಇಲ್ಲ. ಎಷ್ಟು ಓಡಿದರೂ ಕೈಗೆ ಏನೂ ಸಿಗಲ್ಲ, ಪಾಪ.) ಆಟ ಮುಗಿದ ಮೇಲೆ ಲೇಸ್ ಎತ್ತಿಡಬೇಕು, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತೆ. ಆಮೇಲೆ ದಿನದ ದೊಡ್ಡ ಊಟ.

ಬೆಳಗಿನ ಊಟಕ್ಕೆ ಬ್ರಾಂಚ್ ವಿದ್ಯೆ ಬಳಸಿದ್ದೀವಿ. ಒಂದು ಆರ್ಡುಯಿನೊ ಊನೊ, ಒಂದು ಎಸ್‌ಜಿ90 ಸರ್ವೊ ಮೋಟರ್, ಟೈಮ್ ನೋಡಿಕೊಳ್ಳೋಕೆ ಡಿಎಸ್3231 ಮಾಡ್ಯೂಲ್, ಮೇಲೆ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ. ನಿಗದಿ ಟೈಮಿಗೆ ಮುಚ್ಚಳ ತಿರುಗಿ ಒಂದು ಹಿಡಿ ಫುಡ್ ಬೀಳುತ್ತೆ. ಡಿಎಸ್3231ಗೆ ಅದರದ್ದೇ ಬಟನ್ ಸೆಲ್ ಇರೋದರಿಂದ ಕರೆಂಟ್ ಹೋಗಿ ಬಂದರೂ ಟೈಮ್ ತಪ್ಪಲ್ಲ. ಕಾಳು ದಪ್ಪ ಇದ್ದರೆ ಸರ್ವೊ ಸಿಕ್ಕಿಹಾಕಿಕೊಳ್ಳುತ್ತೆ, ಸಣ್ಣ ಕಾಳಿನ ಫುಡ್ ತಗೊಳ್ಳಿ. ಇಲ್ಲಿ ಗುಟ್ಟು ಮೋಟರ್ ಅಲ್ಲ. ಊಟ ಬರೋದು ಮನುಷ್ಯರಿಂದ ಅಲ್ಲ, ಡಬ್ಬಿಯಿಂದ, ಅದೂ ಕೂಗಿದರೂ ಕೂಗದಿದ್ದರೂ ಅದೇ ಟೈಮಿಗೆ ಅನ್ನೋದು ಬೆಕ್ಕಿಗೆ ಗೊತ್ತಾಗಬೇಕು. ಈಗ ಬೋಂಡಾ ನಮ್ಮ ಎದೆ ಬಿಟ್ಟು ಡಬ್ಬಿ ಮುಂದೆ ಕೂತು ಅದನ್ನೇ ದುರುಗುಟ್ಟಿ ನೋಡ್ತಾ ಇರುತ್ತೆ.

ಇಷ್ಟೆಲ್ಲಾ ಶುರು ಮಾಡೋಕೆ ಮುಂಚೆ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು. ರಾತ್ರಿ ಸುಮ್ಮನೆ ಮಲಗುತ್ತಿದ್ದ ಬೆಕ್ಕು ಇದ್ದಕ್ಕಿದ್ದ ಹಾಗೆ ಕೂಗೋಕೆ ಶುರು ಮಾಡಿದರೆ ಅದು ಅಭ್ಯಾಸ ಆಗಿರಲ್ಲ, ನೋವೋ ಕಾಯಿಲೆಯೋ ಇರಬಹುದು. ವಯಸ್ಸಾದ ಬೆಕ್ಕುಗಳಿಗೆ ಥೈರಾಯ್ಡ್ ಜಾಸ್ತಿ ಆದರೂ, ಬಿಪಿ ಏರಿದರೂ ರಾತ್ರಿ ಕೂಗುತ್ತವೆ. ಆಪರೇಷನ್ ಆಗದ ಹೆಣ್ಣು ಬೆಕ್ಕು ಬೆದೆಗೆ ಬಂದಾಗ ಒಂದು ವಾರದ ತನಕ ಕೂಗಬಹುದು, ಅದಕ್ಕೆ ಆಪರೇಷನ್ನೇ ಪರಿಹಾರ. ಎಲ್ಲಕ್ಕಿಂತ ಭಯದ್ದು ಗಂಡು ಬೆಕ್ಕಿನ ಮೂತ್ರ ಕಟ್ಟೋದು. ಮತ್ತೆ ಮತ್ತೆ ಉಚ್ಚೆಗೆ ಕೂತು, ಮುಕ್ಕಿ, ಒಂದು ಹನಿಯೂ ಬರದೆ ಕೂಗುತ್ತಿದ್ದರೆ ದಿಂಬು ಹಾಕಿಕೊಂಡು ಮಲಗಬೇಡಿ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಬೆಳಿಗ್ಗೆ ಇಂಟರ್ನಲ್ಸ್ ಇದ್ದರೂ ಸರಿ, ಆಗಲೇ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಮನೆಯಲ್ಲಿರೋ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಒಂದೇ ಮಾತ್ರೆ ಸಾಕು ಸಾಯೋಕೆ.

ಬೋಂಡಾನ ರಿಪೋರ್ಟ್ ನಾರ್ಮಲ್ ಬಂದಿದೆ. ಡಬ್ಬಿಯನ್ನು ಮೊದಲು 4.30ಕ್ಕೇ ಸೆಟ್ ಮಾಡಿ, ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂದಕ್ಕೆ ಹಾಕ್ತಾ ಬಂದಿದ್ದೀವಿ. ಈಗ 5.30ಕ್ಕೆ ಇದೆ. ತಿಂಗಳು ಮುಗಿಯೋಕೆ ಇನ್ನು ಒಂಬತ್ತು ದಿನ. ಸೋಮವಾರದಿಂದ 5.45.